ವ್ಯೋಮನೌಕೆಯ ಕರ್ಮಶಾಲೆಯಲ್ಲಿ ಶಿಷ್ಯವೃತ್ತಿ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಓದಲಾದ ಉಪನ್ಯಾಸ)

 

ಮಠದ ಮಹೋತ್ಸವದಲ್ಲಿ ಶಾಸ್ತ್ರವಿಚಾರಕ್ಕೆ ಸ್ಥಳವುಂಟು, ಪುರಾಣಶ್ರವಣಕ್ಕೆ ಸ್ಥಳವುಂಟು. ಆಕಾಶದಲ್ಲಿ ಸಂಚರಿಸುವ ಯಂತ್ರಗಳ ವಿಚಾರಕ್ಕೆ ಇಲ್ಲೇನು ಪ್ರಸಕ್ತಿ ಎಂದು ಹಿರಿಯರು ಕೇಳಬಹುದು. ಪ್ರಸಕ್ತಿಯುಂಟು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಬೆಳೆದ ಹುಡುಗರೂ, ಭಕ್ತರ ಮನೆಗಳ ಹೆಣ್ಣುಮಕ್ಕಳೂ ಇಂದು ಯಂತ್ರಶಿಲ್ಪದ, ಎಂದರೆ ಮೆಕ್ಯಾನಿಕಲ್ ಇಂಜಿನಿಯರಿಂಗಿನ, ಕಾಲೇಜುಗಳಲ್ಲಿ ಓದುತ್ತಿರುವರು. ಅವರಲ್ಲಿ ಹಲವರಿಗೆ ಉಪಗ್ರಹಗಳನ್ನೂ ವ್ಯೋಮನೌಕೆಗಳನ್ನೂ ಕಟ್ಟುವ ಸ್ಥಳದಲ್ಲಿ ಕೆಲವು ಕಾಲವಾದರೂ ನಿಂತು ಕಲಿಯಬೇಕೆಂಬ ಆಸೆಯುಂಟು. ಇಂಥ ಕಲಿಕೆಗೆ ಈಗಿನವರು ಇಂಟರ್ನ್‌ಶಿಪ್ ಎನ್ನುವರು. ಸಂಬಳದ ನೌಕರಿಯಲ್ಲದ, ಪೂರ್ತಿ ಪಾಠವೂ ಅಲ್ಲದ ಈ ನಡುವಣ ಸ್ಥಿತಿಯು ತಂದೆತಾಯಿಗಳಿಗೆ ಬಿಡಿಸಲಾಗದ ಒಗಟಾಗಿದೆ. ಇದರಿಂದ ಪ್ರಯೋಜನವೇನು, ಇದಕ್ಕಾಗಿ ಮನೆಯ ಹಣವನ್ನು ವ್ಯಯಿಸಬಹುದೆ, ಕೊನೆಯಲ್ಲಿ ಬರುವ ಒಂದು ಕಾಗದಕ್ಕೆ ಬೆಲೆಯೆಷ್ಟು ಎಂಬ ಪ್ರಶ್ನೆಗಳನ್ನು ಅವರು ಕೇಳುತ್ತಿರುವರು. ಆದಕಾರಣ ಈ ವಿಷಯವನ್ನು ಬುಡದಿಂದ ವಿಚಾರಿಸುವುದು ಯುಕ್ತವಾಗಿದೆ.

ಹೆಸರು ಹೊಸದಾದರೂ ಪದ್ಧತಿಯು ಹಳೆಯದು. ಹಿಂದೆ ಕಚೇರಿಗಳಲ್ಲಿ ಸಂಬಳವಿಲ್ಲದೆ ಕುಳಿತು ಲೆಕ್ಕಪತ್ರ ಕಲಿಯುವವನಿಗೆ ಉಮೇದುವಾರನೆಂದು ಹೆಸರಿತ್ತು. ಕಮ್ಮಾರನ ಕುಲುಮೆಯಲ್ಲಿ ತಿದಿಯೊತ್ತುವ ಹುಡುಗನೂ, ಅಕ್ಕಸಾಲಿಗನ ಬಳಿ ಬೆಂಕಿಯನ್ನು ಊದುವ ಹುಡುಗನೂ ಉಮೇದುವಾರರೇ. ತಾಳೆಗರಿಯ ಗ್ರಂಥವನ್ನು ಪ್ರತಿಮಾಡುವ ವಿದ್ಯಾರ್ಥಿಯು ಮೊದಲು ಬಹುಕಾಲ ಹಿರಿಯ ಲಿಪಿಕಾರನ ಕೈಯನ್ನು ನೋಡುತ್ತ ಕೂಡಬೇಕಾಗಿತ್ತು. ಏಕೆಂದರೆ ಕಂಟದಿಂದ ಗರಿಯ ಮೇಲೆ ಕೊರೆದ ಅಕ್ಷರವನ್ನು ಒರಸಿಹಾಕುವಂತಿಲ್ಲ. ಈ ಕೊನೆಯ ದೃಷ್ಟಾಂತವನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ವ್ಯೋಮನೌಕೆಯೂ ಗರಿಯ ಮೇಲಣ ಅಕ್ಷರದಂಥದೇ. ಭೂಮಿಯನ್ನು ಬಿಟ್ಟಮೇಲೆ ಅದನ್ನು ತಿದ್ದಲು ಕೈಯಿಟ್ಟು ಮುಟ್ಟುವ ಅವಕಾಶವು ಸಾಮಾನ್ಯವಾಗಿ ಇರುವುದಿಲ್ಲ.

ಮೊದಲು ಈ ನೌಕೆಯಲ್ಲಿ ಯಂತ್ರಶಿಲ್ಪಿಯ ಪಾಲು ಯಾವುದೆಂಬುದನ್ನು ನೋಡೋಣ. ಉಪಗ್ರಹವೆಂದರೆ ವಿದ್ಯುತ್ತು, ರೇಡಿಯೋ, ಗಣಿತ ಇಷ್ಟೇ ಎಂದು ಜನರು ಭಾವಿಸುವರು. ಆದರೆ ಆ ವಿದ್ಯುದ್ಯಂತ್ರಗಳು ನಿಲ್ಲುವುದಕ್ಕೆ ಒಂದು ಶರೀರ ಬೇಕು. ರಾಕೆಟ್ಟು ಮೇಲೇರುವಾಗ ಆಗುವ ಘೋರವಾದ ನಡುಕವನ್ನು ಆ ಶರೀರವು ತಾಳಬೇಕು. ಆದರೂ ಅದು ಹಗುರವಾಗಿರಬೇಕು. ಅದಕ್ಕಾಗಿ ಶಿಲ್ಪಿಗಳು ಎರಡು ತೆಳುವಾದ ತಗಡುಗಳ ನಡುವೆ ಜೇನುಹುಟ್ಟಿನ ಕಣ್ಣುಗಳಂತಿರುವ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ ಹಲಗೆಗಳನ್ನು ಮಾಡುವರು. ಜೇನುಹುಳವು ಎಷ್ಟು ಸ್ವಲ್ಪ ಮೇಣದಿಂದ ಎಷ್ಟು ಭಾರದ ತುಪ್ಪವನ್ನು ಹೊರಿಸುವುದೆಂಬುದನ್ನು ಕಂಡವರಿಗೆ ಇದರ ಮರ್ಮವು ಸುಲಭವಾಗಿ ತಿಳಿಯುವುದು.

ಶರೀರದ ತರುವಾಯ ಶೀತೋಷ್ಣದ ವಿಚಾರ. ಭೂಮಿಗೆ ಸಮೀಪದಲ್ಲಿ ಸುತ್ತುವ ಉಪಗ್ರಹವು ಸುಮಾರು ೯೦ ನಿಮಿಷಗಳಿಗೊಮ್ಮೆ ಪ್ರದಕ್ಷಿಣೆಯನ್ನು ಮುಗಿಸುತ್ತದೆ. ಎಂದರೆ ಒಂದು ದಿನದಲ್ಲಿ ಅದಕ್ಕೆ ಹದಿನಾರು ಹಗಲು, ಹದಿನಾರು ರಾತ್ರಿ. ಬಿಸಿಲಿಗೆ ಒಡ್ಡಿದ ಮೈಯು ನೀರು ಕುದಿಯುವಷ್ಟು ಕಾಯಬಲ್ಲುದು. ನೆರಳಿಗೆ ಬಂದಾಗ ಸೊನ್ನೆಗಿಂತ ಬಹಳ ಕೆಳಗೆ ಇಳಿಯಬಲ್ಲುದು. ಅಲ್ಲಿ ಗಾಳಿಯಿಲ್ಲವಾದುದರಿಂದ ಬೀಸಣಿಗೆಯಿಂದ ತಣಿಸುವ ಉಪಾಯವೂ ಇಲ್ಲ. ಶಾಖವು ಲೋಹದ ಮೂಲಕ ಹರಿದು, ಹೊರಮೈಯಿಂದ ಕಿರಣರೂಪವಾಗಿ ಹೊರಟುಹೋಗಬೇಕು. ಚಿತ್ರಗಳಲ್ಲಿ ಉಪಗ್ರಹಕ್ಕೆ ಹೊದಿಸಿರುವ ಹೊಂಬಣ್ಣದ ಹೊದಿಕೆಯನ್ನು ಎಲ್ಲರೂ ಕಂಡಿರಬಹುದು. ಅದು ಅಲಂಕಾರಕ್ಕಾಗಿ ಹೊದಿಸಿದ್ದಲ್ಲ, ಕಂಬಳಿಯ ಕೆಲಸವನ್ನು ಮಾಡುವ ಹಲವು ಪದರಗಳ ತೆಳುಹಾಳೆ. ಇದನ್ನೆಲ್ಲ ಲೆಕ್ಕ ಹಾಕಿ ಏರ್ಪಡಿಸುವವನೂ ಯಂತ್ರಶಿಲ್ಪಿಯೇ.

ಮೂರನೆಯದು ಅವಯವಗಳ ವಿಚಾರ. ರಾಕೆಟ್ಟಿನ ಮೂತಿಯೊಳಗೆ ಸೂರ್ಯಫಲಕಗಳು ಪಕ್ಷಿಯ ರೆಕ್ಕೆಗಳಂತೆ ಮಡಚಿಕೊಂಡಿರುತ್ತವೆ. ಮೇಲೆ ಹೋದ ಬಳಿಕ ಕಟ್ಟು ಕಡಿದು, ಸ್ಪ್ರಿಂಗಿನ ಬಲದಿಂದ ಕೀಲುಗಳು ತಿರುಗಿ, ಅವು ಬಿಚ್ಚಿಕೊಳ್ಳಬೇಕು. ಆ ಕೀಲು ಒಂದು ಸಲ ಮಾತ್ರ ತಿರುಗತಕ್ಕುದು. ಆದರೆ ಆ ಒಂದು ಸಲ ತಪ್ಪತಕ್ಕುದಲ್ಲ. ನೆಲದ ಮೇಲಣ ಯಂತ್ರಕ್ಕೆ ಹಾಕುವ ಎಣ್ಣೆಯು ಶೂನ್ಯದಲ್ಲಿ ಆವಿಯಾಗಿ ಹೋಗಿ ಅಕ್ಕಪಕ್ಕದ ಗಾಜನ್ನು ಮಸುಕುಮಾಡುತ್ತದೆ. ಎಣ್ಣೆಯೂ ಇಲ್ಲದೆ, ಗಾಳಿಯ ಪೊರೆಯೂ ಇಲ್ಲದೆ ಲೋಹಕ್ಕೆ ಲೋಹವು ತಾಗಿದರೆ ಎರಡೂ ಒಂದಾಗಿ ಅಂಟಿಕೊಳ್ಳುವುದುಂಟು. ಆದುದರಿಂದ ಅಲ್ಲಿ ಒಣ ಪುಡಿಯ ಲೇಪಗಳನ್ನೋ, ಬೇರೆ ವಿಧವಾದ ವಿಶೇಷ ಸ್ನೇಹದ್ರವ್ಯಗಳನ್ನೋ ಉಪಯೋಗಿಸುವರು.

ಈ ಮೂರು ಕಾರ್ಯಗಳ ಸೂತ್ರಗಳನ್ನೂ ಪುಸ್ತಕದಿಂದ ಕಲಿಯಬಹುದು. ಹಾಗಾದರೆ ಶಿಷ್ಯನಾಗಿ ಕರ್ಮಶಾಲೆಯಲ್ಲಿ ನಿಲ್ಲುವ ಅವಶ್ಯಕತೆಯೇನು? ಇದಕ್ಕೆ ಉತ್ತರವನ್ನು ಅನ್ಯದೇಶದಲ್ಲಿ ನಡೆದ ಎರಡು ಸಂಗತಿಗಳಿಂದ ತಿಳಿಯಬಹುದು.

ಅಮೆರಿಕದ ನಾಸಾ ಸಂಸ್ಥೆಯು ಗುರುಗ್ರಹದ ಕಡೆಗೆ ಗೆಲಿಲಿಯೋ ಎಂಬ ನೌಕೆಯನ್ನು ೧೯೮೯ನೆಯ ಇಸವಿ ಅಕ್ಟೋಬರಿನಲ್ಲಿ ಕಳುಹಿಸಿತು. ಅದರ ದೊಡ್ಡ ಆಂಟೆನಾವು ಕೊಡೆಯಂತೆ ಮಡಚಿಕೊಂಡಿದ್ದಿತು. ಅದಕ್ಕೆ ೧೮ ಕಡ್ಡಿಗಳು. ೧೯೯೧ನೆಯ ಇಸವಿ ಏಪ್ರಿಲಿನಲ್ಲಿ ಕೊಡೆಯನ್ನು ಬಿಚ್ಚುವ ಆಜ್ಞೆಯನ್ನು ಕಳುಹಿಸಿದಾಗ ಕೆಲವು ಕಡ್ಡಿಗಳು ಸಿಕ್ಕಿಕೊಂಡು, ಕೊಡೆಯು ಪೂರ್ತಿಯಾಗಿ ಬಿಚ್ಚಿಕೊಳ್ಳಲೇ ಇಲ್ಲ. ಕಾರಣವನ್ನು ಅರಸಿದ ವಿದ್ವಾಂಸರು ಹೇಳಿದ್ದೇನೆಂದರೆ: ಹಾರಾಟವು ವರ್ಷಗಟ್ಟಲೆ ಮುಂದಕ್ಕೆ ಹೋದುದರಿಂದ ನೌಕೆಯನ್ನು ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾ ಪ್ರಾಂತಗಳ ನಡುವೆ ಲಾರಿಯಲ್ಲಿ ಸಾಗಿಸಬೇಕಾಯಿತು; ದಾರಿಯ ಕುಲುಕಾಟದಲ್ಲಿ ಕಡ್ಡಿಗಳ ಮೊಳೆಗಳಿಗೆ ಬಳಿದ ಒಣಲೇಪವು ಸವೆದುಹೋಗಿರಬೇಕು. ಗಣಿತದಲ್ಲಿ ತಪ್ಪಿರಲಿಲ್ಲ, ಚಿತ್ರದಲ್ಲಿ ತಪ್ಪಿರಲಿಲ್ಲ. ಸಾಗಿಸುವ ದಾರಿಯಲ್ಲಿ ಸವೆದ ಒಂದು ಕಣದಷ್ಟು ಲೇಪವು ಗುರುಗ್ರಹದ ಹಾದಿಯಲ್ಲಿ ಬಾಧಕವಾಯಿತು. ಆ ನೌಕೆಯನ್ನು ನಡೆಸಿದವರು ಧೈರ್ಯಗೆಡದೆ ಅದರ ಚಿಕ್ಕ ಆಂಟೆನಾದ ಮೂಲಕವೇ ಮಿತವಾಗಿ ವರ್ತಮಾನವನ್ನು ತರಿಸಿಕೊಂಡು ಬಹುಮಟ್ಟಿಗೆ ಕಾರ್ಯವನ್ನು ಸಾಧಿಸಿದರೆಂಬುದು ಅವರಿಗೆ ಭೂಷಣವಾಗಿದೆ.

ಎರಡನೆಯದು ೧೯೯೦ರಲ್ಲಿ ಆಕಾಶಕ್ಕೆ ಏರಿಸಿದ ಹಬಲ್ ದೂರದರ್ಶಕದ ಸಂಗತಿ. ಅದರ ೨.೪ ಮೀಟರು ವ್ಯಾಸದ ಕನ್ನಡಿಯನ್ನು ಉಜ್ಜುವಾಗ ಆಕಾರವನ್ನು ಪರೀಕ್ಷಿಸುವ ಸಾಧನದಲ್ಲಿ ಒಂದು ಮಸೂರವನ್ನು ೧.೩ ಮಿಲಿಮೀಟರಿನಷ್ಟು ತಪ್ಪಾದ ಸ್ಥಳದಲ್ಲಿ ಕೂಡಿಸಲಾಗಿತ್ತು. ಅದರಿಂದ ಕನ್ನಡಿಯ ಅಂಚು ತಲೆಗೂದಲಿನ ದಪ್ಪದ ಐವತ್ತರಲ್ಲೊಂದು ಪಾಲಿನಷ್ಟು ಹೆಚ್ಚು ಸವೆದು, ಚಿತ್ರಗಳೆಲ್ಲವೂ ಮಬ್ಬಾದವು. ಇದರಲ್ಲಿ ಅತ್ಯಂತ ಶೋಚನೀಯವಾದುದು ಬೇರೊಂದಿದೆ. ನಿರ್ಮಾಣಕಾಲದಲ್ಲಿಯೇ ಬೇರೆ ಸಾಧನಗಳಿಂದ ಮಾಡಿದ ಪರೀಕ್ಷೆಗಳು ದೋಷವನ್ನು ಸೂಚಿಸಿದ್ದವು. ಆದರೆ ಆ ಸಾಧನಗಳೇ ಅಷ್ಟು ಸೂಕ್ಷ್ಮವಲ್ಲವೆಂದು ಅವುಗಳ ಮಾತನ್ನು ತಳ್ಳಿಹಾಕಲಾಯಿತು. ಆ ದೂರದರ್ಶಕವು ವ್ಯೋಮಯಾತ್ರಿಗಳು ಹೋಗಿ ಮುಟ್ಟುವಷ್ಟು ಸಮೀಪದಲ್ಲಿ ಇದ್ದುದರಿಂದ ೧೯೯೩ನೆಯ ಇಸವಿ ಡಿಸೆಂಬರಿನಲ್ಲಿ ಅದಕ್ಕೆ ಕನ್ನಡಕವಿಟ್ಟಂತೆ ಸರಿಪಡಿಸುವುದು ಸಾಧ್ಯವಾಯಿತು. ಇಂಥ ಭಾಗ್ಯವು ಎಲ್ಲ ನೌಕೆಗಳಿಗೂ ಇಲ್ಲ.

ಈ ಎರಡರಿಂದಲೂ ಸಿದ್ಧವಾಗುವ ಅರ್ಥವು ಒಂದೇ. ಈ ವಿದ್ಯೆಯಲ್ಲಿ ಸೂತ್ರದ ಜ್ಞಾನಕ್ಕಿಂತಲೂ ಕೈಯ ನಡತೆಯು ಹೆಚ್ಚು ಪರೀಕ್ಷೆಗೆ ಒಳಗಾಗುವುದು. ಮೊಳೆಯನ್ನು ಎಷ್ಟು ಬಲದಿಂದ ತಿರುಗಿಸಬೇಕೋ ಅಷ್ಟೇ ತಿರುಗಿಸಿ, ಆ ಅಳತೆಯನ್ನು ಬರೆದಿಟ್ಟು, ಎರಡನೆಯವನ ಕಣ್ಣಿಗೆ ತೋರಿಸಿ ರುಜು ಪಡೆಯುವುದು, ಕೈಗವಸಿಲ್ಲದೆ ಮುಟ್ಟದಿರುವುದು, ಸಂದೇಹ ಬಂದೊಡನೆ ಬಾಯಿಬಿಟ್ಟು ಹೇಳುವುದು. ಇವು ಪುಸ್ತಕದಿಂದ ಬರುವುವಲ್ಲ. ಬಲ್ಲವರ ಪಕ್ಕದಲ್ಲಿ ನಿಂತು ಕಣ್ಣಾರೆ ಕಂಡು ಬರತಕ್ಕುವು. ಶಿಷ್ಯವೃತ್ತಿಯ ಅವಶ್ಯಕತೆಯು ಇಲ್ಲಿಯೇ ಇದೆ.

ಭಾರತದಲ್ಲಿ ಈ ವಿದ್ಯೆಯು ಬೆಳೆದ ಬಗೆಯನ್ನು ನೋಡಿದರೆ ಅದರ ಮೂಲಪುರುಷರು ಹೀಗೆಯೇ ಕಲಿತರೆಂಬುದು ಸ್ಪಷ್ಟವಾಗುವುದು. ಮತ್ತು ಆ ಕಥೆಯಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವುಂಟು. ೧೯೪೦ನೆಯ ಇಸವಿ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಲಾಹೋರಿನಲ್ಲಿ ಗಣಿತವನ್ನೂ ಆಂಗ್ಲಸಾಹಿತ್ಯವನ್ನೂ ಓದಿ, ಬಳಿಕ ೧೯೪೫ರಲ್ಲಿ ಯಂತ್ರಶಿಲ್ಪದ ಪದವಿಯನ್ನು ಪಡೆದ ಸತೀಶ ಧವನರೆಂಬ ತರುಣರು ಈ ಕಾರ್ಖಾನೆಗೆ ಬಂದು ಕೆಲವು ಕಾಲ ಇದ್ದರು. ಆಮೇಲೆ ಅಮೆರಿಕಕ್ಕೆ ತೆರಳಿ ಉನ್ನತ ವಿದ್ಯೆಯನ್ನು ಸಂಪಾದಿಸಿ, ೧೯೫೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರಕ್ಕೆ ಅಧ್ಯಾಪಕರಾಗಿ ಮರಳಿದರು. ಮುಂದೆ ಆ ವಿದ್ಯಾಲಯದ ನಿರ್ದೇಶಕರೂ, ೧೯೭೨ರಿಂದ ೧೯೮೪ರ ವರೆಗೆ ಇಸ್ರೋ ಸಂಸ್ಥೆಯ ಅಧ್ಯಕ್ಷರೂ ಆದರು.

ಅದೇ ಕಾರ್ಖಾನೆಗೆ ಕೆಲವು ವರ್ಷಗಳ ತರುವಾಯ ಮದ್ರಾಸಿನ ತಾಂತ್ರಿಕ ವಿದ್ಯಾಲಯದಿಂದ ಇನ್ನೊಬ್ಬ ತರುಣರು ಕಲಿಕೆಗಾಗಿ ಬಂದರು. ರಾಮೇಶ್ವರದ ದೋಣಿಯೊಡೆಯರ ಮಗನಾದ ಅಬ್ದುಲ್ ಕಲಾಮರೇ ಅವರು. ಅವರು ಅಲ್ಲಿ ವಿಮಾನದ ಎಂಜಿನುಗಳನ್ನು ಕಳಚಿ ಮತ್ತೆ ಜೋಡಿಸುವ ತಂಡದಲ್ಲಿ ಸೇರಿ, ಕ್ರ್ಯಾಂಕಿನ ದಂಡವು ಎಷ್ಟು ಸವೆದಿದೆ, ಎಷ್ಟು ತಿರುಚಿಕೊಂಡಿದೆ ಎಂಬುದನ್ನು ಅಳೆದು ನೋಡುವ ಕೆಲಸವನ್ನು ಕಲಿತರು. ಮುಂದೆ ರಾಷ್ಟ್ರಪತಿಪದವನ್ನು ಏರಿದ ಮಹನೀಯರ ಮೊದಲ ಪಾಠವು ಎಣ್ಣೆ ಬಳಿದ ಕೈಯಿಂದಲೇ ಆರಂಭವಾಯಿತೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ತಿರುವನಂತಪುರದ ಸಮೀಪದ ತುಂಬಾ ಎಂಬ ಬೆಸ್ತರ ಹಳ್ಳಿಯಲ್ಲಿ ರಾಕೆಟ್ಟುಗಳನ್ನು ಹಾರಿಸುವ ನೆಲೆಯನ್ನು ವಿಕ್ರಮ ಸಾರಾಭಾಯಿಯವರು ಏರ್ಪಡಿಸಿದಾಗ, ಆ ವಿದ್ಯೆಯನ್ನು ಬಲ್ಲವರು ಈ ದೇಶದಲ್ಲಿ ಬಹು ವಿರಳ. ಆದುದರಿಂದ ೧೯೬೩ರಲ್ಲಿ ಕಲಾಮರೂ ಅವರ ಸಂಗಡಿಗರೂ ನಾಸಾ ಸಂಸ್ಥೆಗೆ ಶಿಷ್ಯರಾಗಿ ಹೋದರು. ವರ್ಜೀನಿಯಾ ಪ್ರಾಂತದ ಕಡಲಕರೆಯ ವಾಲಪ್ಸ್ ದ್ವೀಪದಲ್ಲಿ ರಾಕೆಟ್ಟನ್ನು ಜೋಡಿಸುವುದು, ಹಾರಿಸುವುದು, ಅದರ ವರ್ತಮಾನವನ್ನು ಗ್ರಹಿಸುವುದು ಇವೇ ಅವರ ಪಾಠಗಳು. ಅಲ್ಲಿಯ ಸ್ವಾಗತದ ಹಜಾರದಲ್ಲಿ ಒಂದು ಯುದ್ಧದ ಚಿತ್ರವನ್ನು ತೂಗುಹಾಕಿದ್ದಿತು. ಸಮೀಪಕ್ಕೆ ಹೋಗಿ ನೋಡಿದಾಗ, ಆಂಗ್ಲರ ಮೇಲೆ ರಾಕೆಟ್ಟುಗಳನ್ನು ಎಸೆಯುತ್ತಿದ್ದವರು ಟೀಪೂಸುಲ್ತಾನನ ಸೈನಿಕರೆಂದು ಕಲಾಮರಿಗೆ ತಿಳಿಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರಿನ ಆ ಕಬ್ಬಿಣದ ಕೊಳವೆಯ ಬಾಣಗಳು ಇಂಗ್ಲೆಂಡಿಗೆ ಹೋದವು; ಅವುಗಳನ್ನು ನೋಡಿ ಕಾಂಗ್ರೀವನೆಂಬಾತನು ತನ್ನ ರಾಕೆಟ್ಟುಗಳನ್ನು ಬೆಳೆಸಿದನು. ಕನ್ನಡ ನಾಡಿನ ಕಮ್ಮಾರರ ವಿದ್ಯೆಯು ಸಮುದ್ರವನ್ನು ದಾಟಿ, ಒಂದೂವರೆ ಶತಮಾನಕ್ಕೂ ಮಿಕ್ಕಿದ ಮೇಲೆ ಚಿತ್ರರೂಪವಾಗಿ ಭಾರತದ ಶಿಷ್ಯನಿಗೆ ಎದುರಾಯಿತು. ಒಂದು ನಾಡು ಕೈಬಿಟ್ಟ ವಿದ್ಯೆಯನ್ನು ಬಳಿಕ ಅನ್ಯರ ಬಾಗಿಲಲ್ಲಿ ಉಮೇದುವಾರಿ ಮಾಡಿಯೇ ಪಡೆಯಬೇಕಾಗುವುದೆಂಬ ನೀತಿಯೂ ಇದರಲ್ಲಿ ಅಡಗಿದೆ.

ಶಿಷ್ಯರು ಹಿಂದಿರುಗಿದರು. ತುಂಬಾದಲ್ಲಿ ಮೇರಿ ಮಗ್ದಲೇನಳ ಹೆಸರಿನ ಇಗರ್ಜಿಯನ್ನು ಅಲ್ಲಿಯ ಕ್ರೈಸ್ತ ಧರ್ಮಾಧ್ಯಕ್ಷರೂ ಜನರೂ ಈ ಕಾರ್ಯಕ್ಕೆ ಬಿಟ್ಟುಕೊಟ್ಟಿದ್ದರು. ರಾಕೆಟ್ಟನ್ನು ಅದರಲ್ಲಿಯೇ ಜೋಡಿಸಿದರು. ೧೯೬೩ನೆಯ ನವೆಂಬರ್ ೨೧ರಂದು ಅದನ್ನು ಹಾರುದಾಣಕ್ಕೆ ಎತ್ತಿ ಕೂಡಿಸುವ ಹೊತ್ತಿಗೆ ಕ್ರೇನಿನ ಎಣ್ಣೆಯು ಸೋರತೊಡಗಿತು. ಸಂಜೆಯಾಗುತ್ತ ಬಂದುದರಿಂದ ಬೇರೆ ಕ್ರೇನನ್ನು ತರಿಸುವ ಅವಕಾಶವಿರಲಿಲ್ಲ. ಆಗ ಎಲ್ಲರೂ ಸೇರಿ ಕೈಬಲದಿಂದಲೇ ಅದನ್ನು ಸ್ವಸ್ಥಾನಕ್ಕೆ ಸರಿಸಿದರು. ನೈಕೆ ಅಪಾಚೆ ಎಂಬ ಆ ರಾಕೆಟ್ಟು ಅಮೆರಿಕದಿಂದ ಬಂದದ್ದು; ಆದರೆ ಅದನ್ನು ಜೋಡಿಸಿ ಎತ್ತಿದ ಕೈಗಳು ಈ ದೇಶದವು. ಅಂದು ಸಂಜೆ ಅದು ನಿರ್ವಿಘ್ನವಾಗಿ ಹಾರಿತು.

ಇನ್ನು ಉಪಗ್ರಹದ ಕಥೆ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ೧೯೭೨ರಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹವನ್ನು ಕಟ್ಟಲು ತೊಡಗಿದರು. ಅವರ ಸಂಗಡ ಇದ್ದವರು ಬಹುತೇಕ ತರುಣರು; ಉಪಗ್ರಹವನ್ನು ಅದಕ್ಕೆ ಮುಂಚೆ ಕಟ್ಟಿದ್ದವರು ಅವರಲ್ಲಿ ಇರಲಿಲ್ಲ. ಕಟ್ಟುವ ಕೆಲಸವೇ ಅವರಿಗೆ ಪಾಠಶಾಲೆಯಾಯಿತು. ೨೬ ಮುಖಗಳ, ೩೬೦ ಕಿಲೋಗ್ರಾಂ ತೂಕದ ಆರ್ಯಭಟವು ೧೯೭೫ನೆಯ ಏಪ್ರಿಲ್ ೧೯ರಂದು ಸೋವಿಯತ್ ದೇಶದ ರಾಕೆಟ್ಟಿನ ಮೇಲೆ ಏರಿತು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ತಿನಲ್ಲಿ ದೋಷ ತಲೆದೋರಿ ಪ್ರಯೋಗಗಳು ನಿಂತುವು. ಆದರೂ ಕಟ್ಟಲು ಕಲಿತ ಕೈಗಳು ಉಳಿದುವು. ಮುಂದಿನ ಉಪಗ್ರಹಗಳೆಲ್ಲ ಆ ಕೈಗಳಿಂದಲೂ, ಅವರಿಂದ ಕಲಿತವರ ಕೈಗಳಿಂದಲೂ ಆದವು. ಆ ಸಂಸ್ಥೆಗೆ ೨೦೧೮ರಿಂದ ರಾಯರ ಹೆಸರನ್ನೇ ಇಡಲಾಗಿದೆ.

೧೯೮೧ನೆಯ ಜೂನ್ ೧೯ರಂದು ಏರಿದ ಆಪಲ್ ಎಂಬ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರವು ಲೋಕಪ್ರಸಿದ್ಧವಾಗಿದೆ. ಅದನ್ನು ಕಂಡು ಬಡತನದ ಗುರುತೆಂದು ನಕ್ಕವರುಂಟು. ನಿಜಸಂಗತಿಯು ಬೇರೆ. ರೇಡಿಯೋ ತರಂಗಗಳ ಪರೀಕ್ಷೆಗೆ ಸುತ್ತಲೂ ಲೋಹವಿರಬಾರದಾಗಿತ್ತು. ಲೋಹದ ಲಾರಿಗಿಂತ ಮರದ ಗಾಡಿಯು ಅಲ್ಲಿ ಉತ್ತಮ. ಇದ್ದ ಸಾಧನದಲ್ಲಿ ಯೋಗ್ಯವಾದುದನ್ನು ಆರಿಸುವ ವಿವೇಕವದು. ಅದೇ ಉಪಗ್ರಹದ ಎರಡು ಸೂರ್ಯಫಲಕಗಳಲ್ಲಿ ಒಂದು ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳಲಿಲ್ಲ. ಹಿಂದೆ ಹೇಳಿದ ಆ ಒಂದೇ ಸಲ ತಿರುಗುವ ಕೀಲಿನ ಮಹತ್ತ್ವವು ಇಲ್ಲಿಯೂ ಕಾಣುತ್ತದೆ. ಉಳಿದ ಒಂದರ ಬಲದಿಂದಲೇ ಅದನ್ನು ಎರಡು ವರ್ಷಕ್ಕೂ ಮಿಗಿಲಾಗಿ ನಡೆಸಿದರು.

ಇಲ್ಲಿಯ ವರೆಗೆ ಶಿಷ್ಯನ ಧರ್ಮವನ್ನು ಹೇಳಿದ್ದಾಯಿತು. ಗುರುವಿನ ಧರ್ಮವನ್ನು ಹೇಳದೆ ಬಿಟ್ಟರೆ ವಿಷಯವು ಅರ್ಧವಾಗುವುದು. ೧೯೭೯ನೆಯ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಎಸ್.ಎಲ್.ವಿ.-೩ ಎಂಬ ರಾಕೆಟ್ಟನ್ನು ಮೊದಲ ಸಲ ಹಾರಿಸಿದರು. ಅದರ ಮುಖ್ಯ ಹೊಣೆಯು ಕಲಾಮರದು. ಮೊದಲ ಹಂತವು ಸರಿಯಾಗಿ ನಡೆಯಿತು. ಎರಡನೆಯ ಹಂತದಲ್ಲಿ ರಾಕೆಟ್ಟು ಹಿಡಿತ ತಪ್ಪಿ ಸಮುದ್ರಕ್ಕೆ ಬಿದ್ದಿತು. ಶೋಧಿಸಿ ನೋಡಲಾಗಿ, ಕಲ್ಮಷವು ಸೇರಿ ಒಂದು ಕವಾಟವು ಮುಚ್ಚಿಕೊಳ್ಳದೆ ಉಳಿದು, ದಿಕ್ಕನ್ನು ತಿದ್ದುವ ವ್ಯವಸ್ಥೆಗೆ ಬೇಕಾದ ಆಮ್ಲವು ಹಾರುವುದಕ್ಕೆ ಮುಂಚೆಯೇ ಸೋರಿಹೋಗಿತ್ತೆಂದು ಗೊತ್ತಾಯಿತು. ೧೭ ಟನ್ನಿನ ರಾಕೆಟ್ಟನ್ನು ಕೆಡವಿದುದು ಧೂಳಿನಂಥ ಕಲ್ಮಷ!

ಅಂದು ಪತ್ರಿಕೆಯವರು ನೆರೆದಿದ್ದರು. ಅವರ ಮುಂದೆ ನಿಲ್ಲುವ ಕಷ್ಟವನ್ನು ಅಧ್ಯಕ್ಷರಾದ ಧವನರು ಕಲಾಮರಿಗೆ ಬಿಡಲಿಲ್ಲ. ತಾವೇ ನಿಂತು, ಸೋಲಿನ ಭಾರವನ್ನು ತಮ್ಮ ಮೇಲೆ ಹೊತ್ತುಕೊಂಡು, ತಮ್ಮ ಜನರಲ್ಲಿ ತಮಗೆ ಪೂರ್ಣ ವಿಶ್ವಾಸವುಂಟೆಂದು ಹೇಳಿದರು. ಮರುವರ್ಷ, ೧೯೮೦ನೆಯ ಜುಲೈ ೧೮ರಂದು, ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಧವನರು ಹಿಂದೆ ಸರಿದು, ಪತ್ರಿಕೆಯವರೊಡನೆ ಮಾತನಾಡಲು ಕಲಾಮರನ್ನು ಕಳುಹಿಸಿದರು. ಈ ಸಂಗತಿಯನ್ನು ಕಲಾಮರು ತಮ್ಮ ಮುಪ್ಪಿನ ವರೆಗೂ ಸಭೆಸಭೆಗಳಲ್ಲಿ ಕೃತಜ್ಞತೆಯಿಂದ ಹೇಳುತ್ತಿದ್ದರು. ಸೋಲನ್ನು ತಾನು ಹೊತ್ತು, ಗೆಲುವನ್ನು ಶಿಷ್ಯನಿಗೆ ಬಿಡುವವನೇ ಗುರು. ಇಂಥವನ ಬಳಿ ಮಾತ್ರವೇ ಶಿಷ್ಯನು ತನ್ನ ತಪ್ಪನ್ನು ನಿರ್ಭಯವಾಗಿ ಹೇಳಿಕೊಳ್ಳಬಲ್ಲನು. ತಪ್ಪನ್ನು ಹೇಳಿಕೊಳ್ಳುವ ಧೈರ್ಯವಿಲ್ಲದ ಕಡೆಯಲ್ಲಿ ಕವಾಟದ ಧೂಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಇಂದಿನ ವಿದ್ಯಾರ್ಥಿಗೆ ತೆರೆದಿರುವ ಬಾಗಿಲುಗಳನ್ನು ಸಂಗ್ರಹವಾಗಿ ಹೇಳುವುದು ಉಚಿತ. ಭಾರತದಲ್ಲಿ ೧೯೬೧ರ ಅಪ್ರೆಂಟಿಸ್ ಶಾಸನವುಂಟು. ಮೊದಲು ಕುಶಲಕರ್ಮಿಗಳಿಗಾಗಿ ಆದ ಈ ಶಾಸನವನ್ನು ೧೯೭೩ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ವಿಸ್ತರಿಸಲಾಯಿತು. ಇದರ ಮೇರೆಗೆ ಇಸ್ರೋ ಸಂಸ್ಥೆಯ ಕೇಂದ್ರಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುವುವು. ಪದವೀಧರರಿಗೆ ಒಂದು ವರ್ಷದ ಕಲಿಕೆ, ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿದ ವೇತನ. ಓದುತ್ತಿರುವವರಿಗೆ ಕೆಲವು ವಾರಗಳ ಅಥವಾ ತಿಂಗಳುಗಳ ಅಭ್ಯಾಸಕ್ಕೂ, ಪದವಿಯ ಪ್ರಾಜೆಕ್ಟಿಗೂ ಪ್ರತ್ಯೇಕವಾದ ಏರ್ಪಾಡುಂಟು. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯು ಇಸ್ರೋಗಾಗಿ ಉಪಗ್ರಹಗಳ ಶರೀರಗಳನ್ನು ಮಾಡಿಕೊಡುತ್ತಿದೆ. ಚಂದ್ರಯಾನ-೨ರ ಕಕ್ಷಾನೌಕೆಯ ಶರೀರವನ್ನು ೨೦೧೫ರಲ್ಲಿ ಅದೇ ಒಪ್ಪಿಸಿತು. ೨೦೨೦ರಲ್ಲಿ ಸರ್ಕಾರವು ಈ ಕ್ಷೇತ್ರವನ್ನು ಖಾಸಗಿಯವರಿಗೆ ವಿಶಾಲವಾಗಿ ತೆರೆದಂದಿನಿಂದ ಬೆಂಗಳೂರಿನಲ್ಲಿಯೂ ಬೇರೆಡೆಗಳಲ್ಲಿಯೂ ಚಿಕ್ಕ ಚಿಕ್ಕ ಕಂಪನಿಗಳು ಹುಟ್ಟಿ, ವಿದ್ಯಾರ್ಥಿಗಳಿಗೆ ಅವಕಾಶವು ಹೆಚ್ಚಿದೆ.

ಅಮೆರಿಕಕ್ಕೆ ಹೋಗಿ ಈ ವಿದ್ಯೆಯನ್ನು ಕಲಿಯುವೆನೆಂದು ಸಾಲ ಮಾಡಿ ಹೊರಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಅಲ್ಲಿಯ ಶಾಸನವು ರಾಕೆಟ್ಟುಗಳನ್ನೂ ವ್ಯೋಮನೌಕೆಗಳ ಹಲವು ಭಾಗಗಳನ್ನೂ ಆಯುಧಗಳೊಡನೆ ಎಣಿಸುತ್ತದೆ. ಆದುದರಿಂದ ಅಂಥ ಕರ್ಮಶಾಲೆಗಳು ಸಾಮಾನ್ಯವಾಗಿ ಆ ದೇಶದ ಪ್ರಜೆಗಳನ್ನು, ಸ್ಥಿರವಾಸದ ಹಕ್ಕುಳ್ಳವರನ್ನು, ಅಥವಾ ಅಲ್ಲಿ ಆಶ್ರಯವನ್ನು ಪಡೆದವರನ್ನು ಮಾತ್ರ ಒಳಗೆ ಬಿಡುವುವು. ನಾಸಾ ಸಂಸ್ಥೆಯ ಶಿಷ್ಯಸ್ಥಾನಗಳೂ ಬಹುಮಟ್ಟಿಗೆ ಆ ದೇಶದ ಪ್ರಜೆಗಳಿಗೇ ಮೀಸಲು. ಓದುವ ವೀಸಾದ ಮೇಲೆ ಹೋದ ಹುಡುಗನು ಎಷ್ಟೇ ಬುದ್ಧಿವಂತನಾದರೂ ಆ ಬಾಗಿಲಲ್ಲಿ ನಿಲ್ಲಬೇಕಾಗುವುದು. ಹೊಲವನ್ನು ಒತ್ತೆಯಿಟ್ಟು ಮಗನನ್ನು ಕಳುಹಿಸುವ ತಂದೆಗೆ ಈ ಮಾತನ್ನು ಮುಂಚಿತವಾಗಿ ಹೇಳುವುದು ವಿದ್ಯಾವಂತರ ಕರ್ತವ್ಯ.

ಇನ್ನೊಂದು ಎಚ್ಚರಿಕೆ. ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದಂದಿನಿಂದ, ಹಣವನ್ನು ತೆಗೆದುಕೊಂಡು ಕೆಲಸವಿಲ್ಲದೆಯೇ ಪ್ರಮಾಣಪತ್ರವನ್ನು ಕೊಡುವ ವ್ಯಾಪಾರವು ಅಲ್ಲಲ್ಲಿ ತಲೆಯೆತ್ತಿದೆ. ಉಪಗ್ರಹದ ಚಿತ್ರವನ್ನು ಮೇಲೆ ಅಚ್ಚುಹಾಕಿದ ಮಾತ್ರಕ್ಕೆ ಆ ಕಾಗದವು ವಿದ್ಯೆಯಾಗದು. ಮನೆಯವರಿಗೆ ಅದು ಹಣದ ನಷ್ಟ; ಹುಡುಗನಿಗಾದರೋ ಅದಕ್ಕಿಂತ ದೊಡ್ಡ ನಷ್ಟ. ಮಾಡದ ಕೆಲಸಕ್ಕೆ ರುಜು ಪಡೆಯುವ ಅಭ್ಯಾಸವನ್ನು ಅವನು ಮೊದಲ ಹೆಜ್ಜೆಯಲ್ಲಿಯೇ ಕಲಿತಂತಾಗುವುದು. ನಾಳೆ ಆ ಕೈಗೆ ಒಂದು ನೌಕೆಯ ಕೀಲನ್ನು ಒಪ್ಪಿಸಿದರೆ, ನೋಡದೆಯೇ ನೋಡಿದೆನೆಂದು ಅದು ರುಜು ಹಾಕದೆ ಇರುವುದೆ? ಕಾಯಕದಲ್ಲಿ ಸತ್ಯಶುದ್ಧತೆ ಬೇಕೆಂದು ಈ ಸಭೆಗೆ ಹೊಸದಾಗಿ ಹೇಳಬೇಕಾಗಿಲ್ಲ. ವ್ಯೋಮನೌಕೆಯ ವಿಷಯದಲ್ಲಿ ಆ ಮಾತಿನ ಪರೀಕ್ಷೆಯು ಪ್ರತ್ಯಕ್ಷವಾಗಿ ನಡೆಯುವುದೆಂದು ಮಾತ್ರ ತಿಳಿದರೆ ಸಾಕು.

ಹಾಗಾದರೆ ವಿದ್ಯಾರ್ಥಿಯು ಏನನ್ನು ಸಿದ್ಧಪಡಿಸಿಕೊಂಡು ಹೋಗಬೇಕು? ಯಂತ್ರದ ನಕ್ಷೆಯನ್ನು ಓದಲು ಬರಬೇಕು. ಕಂಪ್ಯೂಟರಿನಲ್ಲಿ ಅದನ್ನು ಬರೆಯಲೂ ಬರಬೇಕು. ವರ್ನಿಯರ್, ಮೈಕ್ರೋಮೀಟರುಗಳಿಂದ ಅಳೆಯುವ ಕೈ ನಡುಗಬಾರದು. ಅರದಿಂದ ಉಜ್ಜಿ, ಲೇತಿನಲ್ಲಿ ಕಡೆದು, ಲೋಹದ ಸ್ವಭಾವವನ್ನು ಬೆರಳಿನಿಂದ ಅರಿತಿರಬೇಕು. ಅಂಕಿಯನ್ನು ಬರೆದಾಗ ಅದರ ಮಾನವನ್ನೂ ಬರೆಯಬೇಕು. ೧೯೯೯ನೆಯ ಸೆಪ್ಟೆಂಬರಿನಲ್ಲಿ ಮಂಗಳಗ್ರಹದ ಬಳಿ ನಾಸಾದ ಒಂದು ನೌಕೆಯು ನಾಶವಾದುದು, ಒಂದು ಪಕ್ಷದವರು ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಪಕ್ಷದವರು ನ್ಯೂಟನ್ನಿನ ಲೆಕ್ಕವೆಂದು ಗ್ರಹಿಸಿದುದರಿಂದ. ಎಲ್ಲಕ್ಕೂ ಮಿಗಿಲಾಗಿ ಒಂದು ಟಿಪ್ಪಣಿಯ ಪುಸ್ತಕವಿರಬೇಕು. ಆ ದಿನ ಏನು ಮಾಡಿದೆ, ಏನು ಕಂಡೆ, ಯಾವುದು ತಪ್ಪಿತು, ಯಾರಿಗೆ ಹೇಳಿದೆ ಎಂಬುದನ್ನು ಅದರಲ್ಲಿ ಸಂಜೆಯೊಳಗಾಗಿ ಬರೆಯಬೇಕು.

ಅಲ್ಲಿಗೆ ಹೋದ ಮೊದಲ ದಿನವೇ ಉಪಗ್ರಹವನ್ನು ಮುಟ್ಟುವೆನೆಂದು ಯಾರೂ ಆಶಿಸಬಾರದು. ಬಹುಶಃ ಕೊನೆಯ ದಿನದ ವರೆಗೂ ಗಾಜಿನ ಆಚೆಯಿಂದಲೇ ಅದನ್ನು ನೋಡಬೇಕಾದೀತು. ಒಂದು ಚಿಕ್ಕ ಹಿಡಿಕೆಯ ತೂಕವನ್ನು ಲೆಕ್ಕ ಹಾಕುವುದು, ನಡುಕದ ಮೇಜಿನ ಮೇಲೆ ನಡೆದ ಪರೀಕ್ಷೆಯ ಅಂಕಿಗಳನ್ನು ಪಟ್ಟಿಮಾಡುವುದು, ಹಳೆಯ ನಕ್ಷೆಯನ್ನು ತಿದ್ದುವುದು ಇವೇ ಅವನ ಪಾಲಿಗೆ ಬರಬಹುದು. ಅದಕ್ಕಾಗಿ ಬೇಸರಪಡಬಾರದು. ಕೌಮುದಿಯನ್ನು ಓದುವವನು ಮೊದಲ ದಿನವೇ ಕಾವ್ಯವನ್ನು ಬರೆಯುವುದಿಲ್ಲ. ಸಂಧಿಯ ಸೂತ್ರಗಳನ್ನು ವಲ್ಲಿಸುತ್ತ ನಾಲಗೆಯನ್ನು ತಿದ್ದಿಕೊಳ್ಳುವನು. ಇಲ್ಲಿ ಕೈಯನ್ನು ತಿದ್ದಿಕೊಳ್ಳುವುದೇ ಪಾಠ.

ತಂದೆತಾಯಿಗಳಲ್ಲಿ ಬಿನ್ನಹವೇನೆಂದರೆ, ಮಗುವು ಕಲಿತು ಮನೆಗೆ ಬಂದಾಗ ಎಷ್ಟು ವ್ಯಾಸಂಗವೇತನ ಬಂದಿತು, ಯಾವ ಕಾಗದ ಸಿಕ್ಕಿತು ಎಂದು ಕೇಳುವುದಕ್ಕೆ ಮುಂಚೆ, ನೀನು ಯಾವ ತಪ್ಪನ್ನು ಮಾಡಿದೆ, ಅದನ್ನು ಯಾರಿಗೆ ಹೇಳಿದೆ ಎಂದು ಕೇಳಬೇಕು. ಈ ಪ್ರಶ್ನೆಗೆ ತಲೆಯೆತ್ತಿ ಉತ್ತರ ಕೊಡುವ ಮಗುವು ಕಲಿತು ಬಂದಿದೆಯೆಂದು ತಿಳಿಯಬಹುದು. ಅಧ್ಯಾಪಕರೂ ಕಾರ್ಖಾನೆಗಳ ಹಿರಿಯರೂ ಧವನರ ನಡತೆಯನ್ನು ಕಣ್ಮುಂದೆ ಇಟ್ಟುಕೊಂಡು, ತಪ್ಪನ್ನು ಹೇಳಿಕೊಂಡ ಶಿಷ್ಯನನ್ನು ಜರೆಯದೆ, ಮುಚ್ಚಿಟ್ಟವನನ್ನು ಮಾತ್ರ ತಿದ್ದಬೇಕು.

ಪೀಣ್ಯದ ಶೆಡ್ಡಿನಲ್ಲಿ ಕಲಿತ ಆ ತರುಣರ ವಿದ್ಯೆಯು ಪರಂಪರೆಯಾಗಿ ಇಳಿದು ಬಂದು, ೨೦೨೩ನೆಯ ಆಗಸ್ಟ್ ೨೩ರಂದು ಚಂದ್ರಯಾನ-೩ರ ನೌಕೆಯು ಚಂದ್ರನ ದಕ್ಷಿಣ ಭಾಗದಲ್ಲಿ ತನ್ನ ನಾಲ್ಕು ಕಾಲುಗಳ ಮೇಲೆ ನಿಂತಿತು. ಅದಕ್ಕೆ ಹಿಂದಣ ನೌಕೆಯು ೨೦೧೯ರಲ್ಲಿ ನೆಲಕ್ಕೆ ಅಪ್ಪಳಿಸಿ ಮುರಿದಿದ್ದಿತು. ಆ ತಪ್ಪನ್ನು ಮುಚ್ಚಿಡದೆ ಶೋಧಿಸಿದ್ದರಿಂದ, ಕಾಲುಗಳನ್ನು ಇನ್ನಷ್ಟು ದೃಢಪಡಿಸಿ ಮತ್ತೆ ಕಳುಹಿಸುವುದು ಸಾಧ್ಯವಾಯಿತು. ಆ ಕಾಲುಗಳು ಯಂತ್ರಶಿಲ್ಪಿಗಳ ಕೃತಿ. ಅಂಥ ಕೆಲಸಕ್ಕೆ ಕೈಯಿಕ್ಕುವ ಭಾಗ್ಯವು ಈ ಸಭೆಯಲ್ಲಿ ಕುಳಿತಿರುವ ಮಕ್ಕಳಲ್ಲಿ ಕೆಲವರಿಗಾದರೂ ಒದಗಲಿ; ಒದಗಿದಂದು ಅವರ ಕೈ ಶುದ್ಧವಾಗಿರಲಿ, ಬರೆಹವು ಸತ್ಯವಾಗಿರಲಿ, ಅವರನ್ನು ಕಲಿಸುವ ಹಿರಿಯರ ಮನಸ್ಸು ವಿಶಾಲವಾಗಿರಲಿ ಎಂಬ ಪ್ರಾರ್ಥನೆಯೊಡನೆ ಈ ಉಪನ್ಯಾಸವು ಮುಗಿಯುತ್ತದೆ.